ಮಾವನವರ ಕಂಪ್ಯೂಟರಿಗೆ ಬೇಡ ಅಂದದ್ದು

ನಮ್ಮ ಕಡೆಯವರಿಗೆ ಒಂದು ಚಟವಿದೆ. ಯಾರ ಮನೆಗೆ ಹೋದರೂ, "ಚಹಾ ಮಾಡಲೇನ್ರಿ?" ಎಂದು ಕೇಳಿದ ಕೂಡಲೇ ಬಾಯಿಗೆ ಬರುವುದು "ಬ್ಯಾಡ್ರಿ, ಈಗಽ ಕುಡಿದು ಬಂದೇನ್ರಿ" ಎಂಬ ಮಾತು. ಕುಡಿದಿರುವುದಿಲ್ಲ, ಕೇಳಿದವರಿಗೂ ಅದು ಗೊತ್ತು. ಅವರು ಇನ್ನೊಮ್ಮೆ ಕೇಳುತ್ತಾರೆ, ನಾವು ಇನ್ನೊಮ್ಮೆ ಬೇಡ ಅನ್ನುತ್ತೇವೆ, ಮೂರನೆಯ ಸಲ ಕೇಳುವ ಹೊತ್ತಿಗೆ ಒಳಗಿಂದ ಶುಂಠಿ ಜಜ್ಜುವ ಸದ್ದು ಬಂದಿರುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಬಿಗುಮಾನದವನು. ನನ್ನ ಆಟ ನಡೆಯದಿದ್ದದ್ದು ದೇವಿಕೊಪ್ಪದ ನಮ್ಮ ಮಾವನವರ ಮುಂದೆ ಮಾತ್ರ. ನಾನು 'ಬ್ಯಾ' ಅನ್ನುವಷ್ಟರಲ್ಲಿ ಚಹಾದ ಕಪ್ಪು ನನ್ನ ಕೈಯಲ್ಲಿರುತ್ತಿತ್ತು. ಇಂಥ ಚಟ ಒಂದು ಕಂಪ್ಯೂಟರಿನ ಮುಂದೆ ನನ್ನ ಮಾನ ತೆಗೆಯುತ್ತದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಮಾವನವರು ಹೋದ ವರ್ಷ ತೀರಿಕೊಂಡರು. ಭಜನಾ ಮೇಳದ ಹಾಡುಗಳನ್ನು ಬರೆದಿಡಲೆಂದು ಅವರು ಕೊಂಡಿದ್ದ ಹಳೆಯ ಕಂಪ್ಯೂಟರು ಶಲವಡಿಯ ನಮ್ಮ ಮನೆಗೆ ಬಂತು. ಅದರಲ್ಲಿ ಅವರೇ ಹಾಡಿ ತುಂಬಿಸಿದ ಒಂದು ಹಾಡಿದೆ. ಮೊದಲ ಪುಣ್ಯತಿಥಿಯ ದಿನ ಬಂದವರಿಗೆಲ್ಲ ಅದನ್ನು ಕೇಳಿಸಬೇಕೆಂದು ನನ್ನ ಹೆಂಡತಿ ಗಿರಿಜೆಯ ಆಸೆ. ಅವಳು ಬೇರೇನನ್ನೂ ಕೇಳಿರಲಿಲ್ಲ. "ಫೋನಿಗೆ ಹಾಕಿಕೊಡ್ತೇನಿ ಬಿಡು" ಅಂದೆ. "ಫೋನಿನ್ಯಾಗ ಬ್ಯಾಡ್ರಿ" ಎಂದಳು. "ಅಪ್ಪ ಎಲ್ಲಿಂದನೋ ಫೋನ್ ಮಾಡ್ಯಾನ ಅನಸ್ತೈತಿ. ಎಲ್ಲಿಂದ ಅಂತ ಯೋಚನಿ ಹತ್ತತೈತಿ. ಇದರಾಗ ಕೇಳಿದ್ರ ಬಾಜೂಕಿನ ಖೋಲ್ಯಾಗ ಕುಂತಾನ ಅನಸ್ತೈತಿ." ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ನಾನು ಫೋನನ್ನು ಕಿಸೆಗೆ ಹಾಕಿಕೊಂಡೆ.

ತೊಂದರೆಯೆಂದರೆ ಆ ಯಂತ್ರ ಬಹಳ ನಿಧಾನ. ಗುಂಡಿ ಒತ್ತಿ, ಎಮ್ಮೆಗೆ ನೀರು ಕುಡಿಸಿ, ಕೈಕಾಲು ತೊಳೆದು ಬಂದರೂ ಪರದೆ ಕಣ್ಣು ಬಿಟ್ಟಿರುತ್ತಿರಲಿಲ್ಲ. ನಾನು ನವಲಗುಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಕಂಪ್ಯೂಟರಿನ ತರಗತಿಯನ್ನೂ ನನ್ನ ಕೊರಳಿಗೇ ಕಟ್ಟಿರುವುದರಿಂದ ಒಂದಿಷ್ಟು ಓದಿಕೊಂಡಿದ್ದೇನೆ. ಯಂತ್ರಕ್ಕೂ ಅದರಲ್ಲಿ ನಡೆಯುವ ಕೆಲಸಗಳಿಗೂ ನಡುವೆ ಕುಳಿತು ಎಲ್ಲವನ್ನೂ ನಡೆಸುವ ತಿರುಳಿಗೆ ಕರ್ನೆಲ್ ಅನ್ನುತ್ತಾರೆ. ಅದರಲ್ಲಿ ಪ್ರಪಂಚದ ಎಲ್ಲ ಯಂತ್ರಗಳಿಗೂ ಬೇಕಾದ ಸರಂಜಾಮು ತುಂಬಿರುತ್ತದೆ. ನಮಗೆ ಬೇಡವಾದದ್ದನ್ನು ಕಳೆದು ಸಣ್ಣ ಕರ್ನೆಲ್ ಕಟ್ಟಿಕೊಂಡರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅದಕ್ಕೇ ಕುಳಿತೆ.

ಒಂದು ಉದ್ದನೆಯ ಪಟ್ಟಿ ತೆರೆಯಿತು. ಇದು ಬೇಕೇ, ಅದು ಬೇಕೇ ಎಂದು ಸಾವಿರಾರು ಪ್ರಶ್ನೆ. ಪಕ್ಕದಲ್ಲಿ ಸಣ್ಣಗೆ ಒಂದು ಸಲಹೆ: ಖಾತ್ರಿ ಇಲ್ಲದಿದ್ದರೆ ಬೇಡ ಅನ್ನಿ. ನನ್ನಂಥವನಿಗೆ ಇನ್ನೇನು ಬೇಕು! ಕಂಡು ಕೇಳರಿಯದ ಯಂತ್ರಗಳ ಹೆಸರು ಬರುತ್ತಿದ್ದವು, ಬೇಡ ಬೇಡ ಅನ್ನುತ್ತ ನಡೆದೆ. ಎಷ್ಟೋ ಯಂತ್ರಗಳನ್ನು ಮಾಡಿದ ಕಂಪನಿಗಳೇ ಮುಚ್ಚಿಹೋಗಿದ್ದವು; ಪಟ್ಟಿಯಲ್ಲಿ ಮಾತ್ರ ಅವು ಇನ್ನೂ ಸಾಲುಗಟ್ಟಿ ನಿಂತು ಬೇಕೇ ಎಂದು ಕೇಳುತ್ತಿದ್ದವು. ಅಷ್ಟೊಂದು ಸಲ ಬೇಡ ಅಂದದ್ದಕ್ಕೋ ಏನೋ, ಕೋಣೆ ಒಂದು ನಮೂನೆ ಬಿಕೋ ಅನ್ನತೊಡಗಿತು. ಹಟ್ಟಿಯಲ್ಲಿ ಎಮ್ಮೆಯ ಸದ್ದು ಕೂಡ ಇರಲಿಲ್ಲ. ಆ ರಭಸದಲ್ಲಿ ಧ್ವನಿ ಬೇಕೇ ಎಂಬ ಪ್ರಶ್ನೆಯೂ ಬಂದಿರಬೇಕು. ಸಂಕೋಚದ ಕೈ, ಬೇಡ ಅಂದುಬಿಟ್ಟಿತು. ಧಾರವಾಡ ಕಡೆಯ ಯಂತ್ರವಾಗಿದ್ದರೆ ಇನ್ನೆರಡು ಸಲ ಕೇಳುತ್ತಿತ್ತು. ಇದು ಒಂದೇ ಸಲ ಕೇಳಿ ಮುಂದೆ ಹೋಯಿತು.

ಹೊಸ ಕರ್ನೆಲ್ ಚಿಟಿಕೆ ಹೊಡೆಯುವುದರಲ್ಲಿ ಎದ್ದಿತು. ಹಿಗ್ಗಿನಿಂದ ಗಿರಿಜೆಯನ್ನು ಕರೆದು ಹಾಡು ಹಚ್ಚಿದೆ. ಪರದೆಯ ಮೇಲೆ ಹಾಡಿನ ಗೆರೆ ಏರಿತು, ಇಳಿಯಿತು, ಮಾವನವರು ಉಸಿರು ತೆಗೆದುಕೊಳ್ಳುವಲ್ಲಿ ನಿಂತಿತು, ಮತ್ತೆ ಏರಿತು. ದನಿ ಮಾತ್ರ ಇಲ್ಲ. ಗಿರಿಜೆ ಆ ಗೆರೆಯನ್ನೇ ನೋಡುತ್ತ ನಿಂತಳು. "ಅಪ್ಪ ಹಾಡಾಕ ಹತ್ಯಾನ. ನೀವು ಅವನ ಬಾಯಿ ಕಟ್ಟೀರಿ" ಎಂದು ಹೊರಟುಹೋದಳು. ಪುಣ್ಯತಿಥಿಗೆ ಒಂದು ವಾರ ಉಳಿದಿತ್ತು.

ಶಾಲೆಗೆ ಮೂರು ದಿನ ರಜೆ ಹಾಕಿ, ಮರುದಿನ ಯಂತ್ರವನ್ನು ಆರಿಸಿಟ್ಟು, ಎಲ್ಲಿ ತಪ್ಪಿದೆನೆಂದು ಪುಸ್ತಕ ತಿರುವುತ್ತ ಕುಳಿತಿದ್ದೆ. ಇದ್ದಕ್ಕಿದ್ದಂತೆ ಅದರೊಳಗಿನ ಫ್ಯಾನು ಗುರ್ ಎಂದಿತು. ದೀಪ ಹತ್ತಿತು. ಯಾರೂ ಮುಟ್ಟಿರಲಿಲ್ಲ. ಗಡಿಯಾರದಲ್ಲಿ ಸರಿಯಾಗಿ ನಾಲ್ಕು. ಕರೆಂಟಿನ ಚೇಷ್ಟೆ ಅಂದುಕೊಂಡೆ. ಮಂಗಳವಾರವೂ ನಾಲ್ಕಕ್ಕೆ ಹಾಗೆಯೇ ಆಯಿತು. ಪಟ್ಟಿಯಲ್ಲಿ ಗಡಿಯಾರಕ್ಕೆ ಸಂಬಂಧಿಸಿದ್ದನ್ನೆಲ್ಲ ಹುಡುಕಿ ಬೇಡ ಅಂದು ಮತ್ತೆ ಕಟ್ಟಿದೆ. ಬುಧವಾರ ಮತ್ತೆ ನಾಲ್ಕಕ್ಕೆ ಎದ್ದಿತು. ಆಗ ಗಿರಿಜೆ ಒಂದು ಕಪ್ಪು ಚಹಾ ತಂದು ಏನೂ ಆಗಿಲ್ಲವೆಂಬಂತೆ ಅದರ ಮುಂದಿಟ್ಟಳು. ನನ್ನ ಮೈಮೇಲಿನ ಕೂದಲು ನೆಟ್ಟಗಾದವು. "ಯಾರಿಗೆ ಇದು?" ಅಂದೆ. "ಅಪ್ಪ ಚಹಾಕ್ಕ ಕುಂದ್ರು ಹೊತ್ತಲ್ರಿ" ಎಂದಳು.

ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. "ಹೆದರಬ್ಯಾಡ್ರಿ. ದಿನಾ ನಾಲ್ಕಕ್ಕ ತಾನಽ ಚಾಲೂ ಆಗೂಹಂಗ ಅಪ್ಪನಽ ಮಾಡಿಟ್ಟಿದ್ದ. ಚಹಾ ಕುಡಿಯೂದ್ರಾಗ ತಯಾರಾಗಿರತೈತಿ ಅಂತ." ಮೊದಲೇ ಯಾಕೆ ಹೇಳಲಿಲ್ಲವೆಂದು ರೇಗಿದೆ. "ನೀವೆಲ್ಲಿ ಕೇಳಿದ್ರಿ?" ಎಂದಳು. ನಾಲ್ಕಕ್ಕೆ ನಾನು ಮನೆಯಲ್ಲಿರುವುದೇ ಅಪರೂಪವಾಗಿತ್ತು. ನಾನು ಕರ್ನೆಲ್ಲಿನಲ್ಲಿ ಏನು ಕಳೆದರೂ ಉಪಯೋಗವಿರಲಿಲ್ಲ. ಆ ಅಲಾರಂ ಅದಕ್ಕೂ ಕೆಳಗೆ, ಮದರ್‌ಬೋರ್ಡ್ ಎಂಬ ಯಂತ್ರದ ಹಲಗೆಯ ಸ್ವಂತ ಗಡಿಯಾರದಲ್ಲಿ ಕುಳಿತಿತ್ತು. ಶನಿವಾರ ಅಲ್ಲಿಗೇ ಹೋಗಿ ಅದಕ್ಕೂ ಬೇಡ ಅಂದೆ. ಬಳಿಕ ಪಟ್ಟಿಗೆ ಮರಳಿ, ಧ್ವನಿ ಬೇಕು ಎಂದು ಗುರುತು ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ನೋಡಿ, ಹೊಸದಾಗಿ ಕಟ್ಟಿದೆ.

ಭಾನುವಾರ ಮಧ್ಯಾಹ್ನ ಪೂಜೆ, ಊಟ ಮುಗಿದ ಮೇಲೆ ಬಂಧುಗಳೆಲ್ಲ ಜಮಖಾನೆಯ ಮೇಲೆ ಕುಳಿತರು. ಹಾಡು ಹಚ್ಚಿದೆ. ದನಿ ಬಂತು. ಗಿರಿಜೆ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಡು ಮುಗಿಯಿತು ಅಂದುಕೊಂಡರೆ ಧ್ವನಿ ನಿಲ್ಲಲಿಲ್ಲ. ಮಾವನವರು ನಿಲ್ಲಿಸುವುದನ್ನು ಮರೆತಿದ್ದರು. ಒಂದು ಕೆಮ್ಮು ಕೇಳಿಸಿತು. ಆಮೇಲೆ, "ಬರ್ರಿ ಅಳಿಯಾರ, ಚಹಾ ತಗೋರಿ." ಅದರ ಬೆನ್ನಿಗೇ ಇನ್ನೊಂದು ದನಿ: "ಬ್ಯಾಡ್ರಿ ಮಾವಾರ, ಈಗಽ ಕುಡಿದು ಬಂದೇನ್ರಿ." ಅದು ನನ್ನದು. ಎಷ್ಟೋ ವರ್ಷ ಹಿಂದಿನದು. "ಹಿಡೀರಿ ಹಿಡೀರಿ" ಎಂದು ಮಾವನವರು ನಕ್ಕರು, ಚಹಾದ ಕಪ್ಪು ಬಸಿಗೆ ತಾಗಿದ ಸದ್ದಾಯಿತು, ಅಲ್ಲಿಗೆ ಮುಗಿಯಿತು. ಎಲ್ಲರೂ ನನ್ನತ್ತ ನೋಡಿದರು. ತೀರಿಕೊಂಡವರ ದನಿಗಿಂತ ನನ್ನದೇ ದನಿಗೆ ನಾನು ಹೆಚ್ಚು ಬೆವರಿದೆ. ಬೇಗ ಬೇಗ ಯಂತ್ರ ಆರಿಸಿದೆ.

ಗಿರಿಜೆ ಎಲ್ಲರಿಗೂ ಚಹಾ ತಂದಳು. ನನ್ನ ಮುಂದೆ ಬಂದಾಗ ಹಾಳು ಬಾಯಿ ತಾನಾಗಿಯೇ "ಬ್ಯಾಡ" ಅಂದಿತು. "ಆತ್ ಬಿಡ್ರಿ" ಎಂದು ತಾಟು ಹಿಡಿದು ಮುಂದೆ ನಡೆದಳು. ಅವಳ ಕೋಪ ಇನ್ನೂ ಆರಿರಲಿಲ್ಲ. ನಾಲಗೆ ಒಣಗಿತ್ತು, ಎಲ್ಲರೂ ಚಹಾ ಹೀರುತ್ತಿದ್ದರು. ಒತ್ತಾಯ ಮಾಡುವವರು ಹೋದರು ಎಂಬುದು ಆ ಒಂದು ವರ್ಷದಲ್ಲಿ ನನಗೆ ಮೊದಲ ಸಲ ಅರಿವಾಯಿತು. ಆಗ ನನ್ನ ಬೆನ್ನ ಹಿಂದೆ ಫ್ಯಾನು ಗುರ್ ಎಂದಿತು. ದೀಪ ಹತ್ತಿತು. ನಾಲ್ಕು ಗಂಟೆ.

ಅಲಾರಂ ತೆಗೆದದ್ದನ್ನು ಉಳಿಸದೆ ಹೊರಬಂದಿದ್ದೆನೋ, ಇನ್ನೇನೋ, ನಾನು ಇವತ್ತಿಗೂ ತೆರೆದು ನೋಡಿಲ್ಲ. ಗಿರಿಜೆ ಯಂತ್ರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ತಿರುಗಿ ಬಂದು ಕಪ್ಪು ಮುಂದೆ ಹಿಡಿದಳು. ಖಾತ್ರಿ ಇಲ್ಲದಿದ್ದರೆ ಬೇಡ ಅನ್ನಿ ಎಂದು ಆ ಪಟ್ಟಿ ಹೇಳಿತ್ತು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.