ನಾದಿನಿ ಸಾಕಿದ ಹುಡುಗಿಯರು

ನನ್ನ ನಾದಿನಿಗೆ ಮದುವೆಯಾಗಿಲ್ಲ, ಆದರೆ ಲಕ್ಷಾಂತರ ಹೆಣ್ಣುಮಕ್ಕಳಿದ್ದಾರೆ. ಎಲ್ಲರ ವಾಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಲ್ಯಾಬಿನಲ್ಲಿ, ಕುಂಕುಮದ ಭರಣಿಗಿಂತ ಚಿಕ್ಕ ಬಟ್ಟಲುಗಳಲ್ಲಿ. ಮನುಷ್ಯರ ಶ್ವಾಸನಾಳದ ಒಳಗೋಡೆಯ ಜೀವಕೋಶಗಳು ಅವು. ಫ್ಲೂ ನುಗ್ಗಿದಾಗ ಅವು ಹೇಗೆ ಕಾದಾಡುತ್ತವೆಂದು ನೋಡುವುದು ಇವಳ ಕೆಲಸ. ಇವಳ ಬಾಯಲ್ಲಿ ಮಾತ್ರ ಅವು 'ನಮ್ಮ ಹುಡುಗೀರು'.

ಹುಡುಗಿಯರಿಗೆ ಭಾನುವಾರವೂ ಊಟ, ಅಂದರೆ ಬಟ್ಟಲಿನ ಪೋಷಕ ದ್ರವ, ಬದಲಿಸಬೇಕಲ್ಲ? ಒಮ್ಮೆ ಗಂಡಿನ ಕಡೆಯವರು ಜಾಲಹಳ್ಳಿಯ ನಮ್ಮ ಮನೆಗೆ ಬಂದು ಕೇಸರಿಬಾತ್ ಮುಗಿಸಿದರೂ ಇವಳ ಪತ್ತೆಯಿಲ್ಲ. ಫೋನ್ ಮಾಡಿದೆ.

"ಅತ್ತಿಗೆ, ಅವರಿಗೆ ಇನ್ನೊಂದು ಪ್ಲೇಟ್ ಕೊಡಿ. ನಮ್ಮ ಹುಡುಗೀರು ಹಸ್ಕೊಂಡಿದಾರೆ."

ಹುಡುಗ ಸಾಧು. ಎರಡನೇ ಪ್ಲೇಟನ್ನೂ ತಿಂದು ಹೋದ.

ಏನನ್ನಾದರೂ ಮುಟ್ಟುವ ಮುಂಚೆ ಕೈಗೆ ಸ್ಪಿರಿಟ್ ಸಿಂಪಡಿಸಿಕೊಳ್ಳುವುದು ಲ್ಯಾಬಿನ ಅಭ್ಯಾಸ. ಗೌರಿಹಬ್ಬದ ದಿನ ಹಾಗೇ ಸಿಂಪಡಿಸಿಕೊಂಡು ಮಂಗಳಾರತಿಗೆ ಕೈ ಚಾಚಿದಳು. ಅತ್ತೆ ತಟ್ಟೆಯನ್ನು ಸರ್ರನೆ ಹಿಂದಕ್ಕೆಳೆದುಕೊಂಡು, "ನಿನಗೆ ದೂರದಿಂದಲೇ ನಮಸ್ಕಾರ ಸಾಕು ಕಣೆ" ಎಂದರು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೆದ ಜೀವಕೋಶ ಇಟ್ಟಿಗೆಯಂತೆ ಸುಮ್ಮನೆ ಕೂತಿತ್ತು. ಇವಳು ಫೋನಿನಲ್ಲಿ ತೋರಿಸಿದವುಗಳ ಮೇಲೆ ಎಳೆ ಎಳೆ ಕೂದಲು. ಗಾಳಿಗೆ ತೂಗುವ ರಾಗಿ ಹೊಲದ ಹಾಗೆ ಎಲ್ಲವೂ ಒಂದೇ ಕಡೆ ಬಾಗಿ ಏಳುತ್ತಿದ್ದವು. ನೋಡುತ್ತಾ ನೋಡುತ್ತಾ ಒಲೆಯ ಮೇಲೆ ಹಾಲಿದ್ದದ್ದೇ ಮರೆತುಹೋಯಿತು.

"ಫ್ಲೂ ಬಂದ ತಕ್ಷಣ ಒಬ್ಬಳು ಪಕ್ಕದವಳಿಗೆ ಸುದ್ದಿ ಮುಟ್ಟಿಸ್ತಾಳೆ. ಎಲ್ರೂ ಬಾಗಿಲು ಭದ್ರ ಮಾಡ್ಕೋತಾರೆ," ಎಂದಳು.

"ಜಾಣೆಯರು."

"ಅದು ಸುಲಭ ಅತ್ತಿಗೆ. ಗೆದ್ದ ಮೇಲೆ ಸುಮ್ನಾಗೋದು ಕಷ್ಟ. ಕಾದಾಟ ನಿಲ್ಲಿಸ್ದಿದ್ರೆ ತಮ್ಮ ಮನೇನ ತಾವೇ ಕೆಡವ್ಕೋತಾರೆ."

"ಸಾಕು ಅಂತ ಅವರಿಗೆ ಯಾರು ಹೇಳ್ತಾರೆ?"

"ನಾನು ಹುಡುಕ್ತಿರೋದೂ ಅದನ್ನೇ."

ಈ ಮಳೆಗಾಲ ಅತ್ತೆಗೇ ಫ್ಲೂ ಬಂತು. ಆಸ್ಪತ್ರೆಗೆ ಸೇರಿಸಿದೆವು. ವೈರಸ್ ಇಳಿದಿದೆ, ಶ್ವಾಸಕೋಶದ ಊತ ಇಳಿದಿಲ್ಲ, ಇನ್ನೆರಡು ದಿನ ಕಾದು ನೋಡಬೇಕು ಎಂದರು ಡಾಕ್ಟರು. ನಾದಿನಿ ಮೊದಲ ಬಾರಿಗೆ ಬಟ್ಟಲುಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದು ಕೂತಳು.

ಎರಡನೆಯ ಮಧ್ಯಾಹ್ನ ಗಂಜಿಯ ಫ್ಲಾಸ್ಕ್ ಹಿಡಿದು ಹೋದೆ. ಬಾಗಿಲಲ್ಲೇ ನಿಂತೆ. ಅವಳು ಅಮ್ಮನ ಎದೆಗೆ ಕೆನ್ನೆಯಿಟ್ಟು, ತೊಟ್ಟಿಲ ಮಗುವಿನೊಡನೆ ಮಾತಾಡುವ ದನಿಯಲ್ಲಿ ಹೇಳುತ್ತಿದ್ದಳು: "ಸಾಕು ಕಣ್ರೇ. ಗೆದ್ದಾಯ್ತಲ್ಲ. ಇನ್ನು ಸುಮ್ನಾಗಿ."

ಅತ್ತೆ ಕಣ್ಣು ತೆರೆಯಲಿಲ್ಲ. ಸೂಜಿ ಚುಚ್ಚಿದ ಕೈ ಮಾತ್ರ ಮೆಲ್ಲಗೆ ಎದ್ದು ಮಗಳ ತಲೆ ಹುಡುಕಿತು.

"ಯಾರಿಗೆ ಹೇಳ್ತಿದೀಯೇ?"

"ನಿನಗಲ್ಲಮ್ಮ," ಎಂದಳು, ಕೆನ್ನೆ ಎತ್ತದೆ. "ನೀನು ಮಾತಾಡ್ತಾ ಇರು."