ಪಟ್ಟಿಯ ಮೊದಲ ಸಾಲು

ಬೆಳಿಗ್ಗೆ ಹತ್ತಕ್ಕೆ ಕಳಿಸಿದ ನಕ್ಷೆ ಮಧ್ಯಾಹ್ನ ಮೂರಾದರೂ ಮುಖ್ಯ ಕಚೇರಿ ತಲುಪಲಿಲ್ಲ. ಎಲ್ಲರ ಕಣ್ಣು ಸರ್ವರ್ ನೋಡಿಕೊಳ್ಳುವವನ ಮೇಲೆ ಬಿತ್ತು. ನಕ್ಷೆ ಕಚೇರಿಯಲ್ಲಿ ಅವನನ್ನು ‘ಸರ್ವರಣ್ಣ’ ಎನ್ನುತ್ತಿದ್ದರು. ಸೇರಿ ಆರು ತಿಂಗಳಾಗಿತ್ತು. ಕೆಲಸ ಕಾಯಂ ಮಾಡುವ ಪತ್ರಕ್ಕೆ ಸಾಹೇಬರ ಸಹಿ ಬೀಳಬೇಕಾದದ್ದು ಅಂದೇ.

“ನೆಟ್ ಯಾರು ನುಂಗ್ತಿದಾರೆ ಅಂತ ಐದರೊಳಗೆ ಹೇಳ್ರಿ. ಮುಖ್ಯ ಕಚೇರಿಗೆ ಬರೀಬೇಕು. ಆಮೇಲೆ ನಿಮ್ಮ ಪತ್ರ,” ಎಂದ ಸಾಹೇಬರು ಬಾಗಿಲು ಹಾಕಿಕೊಂಡರು.

ಅವನು ಸರ್ವರಿನಲ್ಲಿ ಒಂದು ಪ್ರೋಗ್ರಾಂ ಓಡಿಸಿದ. ಕಚೇರಿಯ ಯಾವ ಕಂಪ್ಯೂಟರ್ ಎಷ್ಟು ಡೇಟಾ ಬಳಸುತ್ತಿದೆ ಎಂಬುದನ್ನು ಅದು, ಹೆಚ್ಚು ಬಳಸಿದ್ದು ಮೇಲೆ ಬರುವಂತೆ, ಸಾಲು ಸಾಲಾಗಿ ತೋರಿಸುತ್ತಿತ್ತು. ಸುದ್ದಿ ಚೆಲ್ಲಿದ ಶಾಯಿಯ ಹಾಗೆ ಮೇಜಿನಿಂದ ಮೇಜಿಗೆ ಹರಿಯಿತು.

ಮೊದಲು ಓಡಿಬಂದವರು ಟೈಪಿಸ್ಟ್ ಅಕ್ಕ. “ಏನಪ್ಪಾ, ನಾವು ನೋಡಿದ್ದೆಲ್ಲ ಅದರಲ್ಲಿ ಕಾಣುತ್ತಾ?”

“ಎಷ್ಟು ಅಂತ ಮಾತ್ರ ಅಕ್ಕ. ಏನು ಅಂತ ಕಾಣಲ್ಲ.”

“ಸದ್ಯ! ಆದ್ರೂ ಹೇಳ್ಬಿಡ್ತೀನಿ. ಊಟದ ಹೊತ್ತಲ್ಲಿ ಒಂದು ಧಾರಾವಾಹಿ ನೋಡಿದೆ. ಅತ್ತೆ ಸತ್ತಳೋ ಬದುಕಿದಳೋ ಅನ್ನೋವರೆಗೆ ಅಷ್ಟೆ.”

ಹಿಂದೆಯೇ ಹಿರಿಯ ನಕ್ಷೆಗಾರರು ಬಂದರು. “ನನ್ನ ಸಾಲನ್ನ ಒಂಚೂರು ಕೆಳಗೆ ತಳ್ಳಯ್ಯ. ಮೂವತ್ತು ವರ್ಷದ ಸರ್ವಿಸು, ಮರ್ಯಾದೆ ಪ್ರಶ್ನೆ.”

“ಅದು ತಾನಾಗೇ ಬರೋದು ಸರ್, ತಳ್ಳಕ್ಕಾಗಲ್ಲ.”

ಅಷ್ಟು ಕೇಳಿದ್ದೇ ತಡ, ಹನ್ನೆರಡು ಮೇಜಿನವರೂ ತಮ್ಮ ತಮ್ಮ ನೆಟ್ ವಯರು ಕಿತ್ತು ಕೈಕಟ್ಟಿ ಕೂತರು. ಕಚೇರಿ ಸಂತಾಪ ಸಭೆಯಂತಾಯಿತು. ಪಟ್ಟಿಯಲ್ಲಿ ಆ ಹನ್ನೆರಡು ಸಾಲುಗಳು ನಿಂತಲ್ಲೇ ನಿಂತವು. ಮೊದಲ ಸಾಲೊಂದು ಮಾತ್ರ ಏರುತ್ತಲೇ ಇತ್ತು. ಯಾವ ನಂಬರಿನ ಯಂತ್ರ ಯಾರದೆಂದು ಬರೆದಿಟ್ಟ ಪುಸ್ತಕವನ್ನು ಅವನು ಎರಡು ಸಲ ತೆಗೆದು ನೋಡಿದ. ಎರಡೂ ಸಲ ಬಂದದ್ದು ಸಾಹೇಬರ ಹೆಸರೇ.

“ಆ ಸಾಲು ಅಳಿಸಿ ಪ್ರಿಂಟ್ ಕೊಡು,” ಎಂದು ಹಿಂದಿನಿಂದ ಬಗ್ಗಿ ನೋಡಿದ ನಕ್ಷೆಗಾರರು ಕಿವಿಯಲ್ಲಿ ಉಸುರಿದರು.

“ಸುಳ್ಳಾಗಲ್ವಾ ಸರ್?”

“ಸುಳ್ಳು ಯಾಕಾಗುತ್ತೆ? ಇರೋದನ್ನೇ ಹೇಳು. ಸ್ವಲ್ಪ ಕಡಿಮೆ ಹೇಳು, ಅಷ್ಟೆ.”

ಅವನು ಸಾಲನ್ನು ಅಳಿಸಿದ. ಕೆಳಗಿನ ಮೊತ್ತವನ್ನು ತಿದ್ದಲು ಮರೆತು, ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟ. ಜೀವಮಾನವೆಲ್ಲ ನೆಲ ಅಳೆದು ಲೆಕ್ಕ ಕೂಡಿದ್ದ ಸಾಹೇಬರಿಗೆ ಪೆನ್ಸಿಲು ಹಿಡಿಯದೆ ಯಾವ ಕಾಗದವನ್ನೂ ಓದಿ ಅಭ್ಯಾಸವಿರಲಿಲ್ಲ.

“ಮೊತ್ತ ಹತ್ತು ಜಿಬಿ. ಸಾಲು ಕೂಡಿದ್ರೆ ಮೂರು. ಉಳಿದ ಏಳು ಯಾರದ್ರೀ?”

ಅವನು ಸಾಹೇಬರ ಮುಖ ನೋಡಿದ, ನೆಲ ನೋಡಿದ. “ನ... ನನ್ನದು ಸರ್.”

ಸಾಹೇಬರು ಕನ್ನಡಕ ತೆಗೆದು ದೀರ್ಘವಾಗಿ ಉಸಿರು ಬಿಟ್ಟರು. “ನಿಮ್ಮದಾ! ನಾನು ನನ್ನದೇ ಅಂದ್ಕೊಂಡಿದ್ದೆ ಕಣ್ರಿ. ಬೆಳಿಗ್ಗೆಯಿಂದ ಮೊಮ್ಮಗಳ ವಿಡಿಯೊಗಳನ್ನೆಲ್ಲ ಮಗಳಿಗೆ ಕಳಿಸ್ತಾ ಇದ್ದೀನಿ. ಪಟ್ಟೀಲಿ ಹೇಗೂ ಬರುತ್ತೆ, ಮರ್ಯಾದೆಯಾಗಿ ಒಪ್ಕೊಳ್ಳೋಣ ಅಂತ ಬರೆದೂ ಇಟ್ಟಿದ್ದೆ.”

ಡ್ರಾಯರಿನಿಂದ ಎರಡು ಕಾಗದ ತೆಗೆದರು. ಒಂದು ಅವನ ಕಾಯಂ ಪತ್ರ. ಸಹಿ ಆಗಲೇ ಬಿದ್ದಿತ್ತು. ಅದನ್ನು ಮಡಿಸಿ ಮತ್ತೆ ಡ್ರಾಯರಿನೊಳಗಿಟ್ಟರು. ಇನ್ನೊಂದು ಮುಖ್ಯ ಕಚೇರಿಗೆ ಬರೆದ ತಪ್ಪೊಪ್ಪಿಗೆ. ಅದರಲ್ಲಿ ತಮ್ಮ ಹೆಸರು ಹೊಡೆದುಹಾಕಿ ಅವನ ಹೆಸರು ಬರೆದು, ಅವನತ್ತ ತಿರುಗಿಸಿದರು.

“ಮಿಕ್ಕಿದ್ದೆಲ್ಲ ಸರಿಯಾಗಿದೆ. ಇಲ್ಲಿ ಸಹಿ ಮಾಡಿ.”

ಅವನು ಓದಿದ. ಅಕ್ಷರ ದುಂಡಗಿತ್ತು: ‘ಇಂಥ ತಪ್ಪು ಮಾಡಿದವನು ಈ ಕಚೇರಿಯಲ್ಲಿ ಮುಂದುವರಿಯಲು ಯೋಗ್ಯನಲ್ಲವೆಂದು ನನಗೇ ಮನವರಿಕೆಯಾಗಿದೆ.’