ನರಿಯ ಕಥೆಗೆ ಮಂಜೂರಾದ ಅರ್ಥ

ಹಿಂಟರ್‌ಮೂಸ್ ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿ ಪ್ರತಿಯೊಂದು ಜಾನಪದ ಕಥೆಗೂ ಒಂದೇ ಒಂದು ಅರ್ಥವಿದ್ದು, ಸದರಿ ಅರ್ಥವು ಜಿಲ್ಲಾ ಶಿಕ್ಷಣ ಕಚೇರಿಯಿಂದ ದುಂಡು ಮೊಹರು ಬಿದ್ದ ಲಕೋಟೆಯಲ್ಲಿ ಬರುತ್ತದೆ. ಕಥೆ ಬೇರೆ ಲಕೋಟೆಯಲ್ಲಿ ಬರುತ್ತದೆ. ಎರಡನ್ನೂ ಒಂದೇ ದಿನ ತೆರೆಯಬಾರದೆಂಬ ನಿಯಮವಿದೆ. ಕಾರಣ ಕೇಳಿ ಯಾರೂ ಅರ್ಜಿ ಹಾಕಿಲ್ಲವಾದ್ದರಿಂದ ಕಾರಣವನ್ನು ಇದುವರೆಗೆ ಸಿದ್ಧಪಡಿಸಿಲ್ಲ.

ನಾನು ಅಲ್ಲಿ ನಾಲ್ಕನೇ ತರಗತಿಯ ಮೇಷ್ಟ್ರು. ದಕ್ಷಿಣ ಜರ್ಮನಿಯ ನಮ್ಮ ಕಡೆ ಹತ್ತು ವರ್ಷದ ಮಗುವಿನ ಮುಂದಿನ ಬಾಳು ಮೇ ತಿಂಗಳಿನಲ್ಲಿ ತೀರ್ಮಾನವಾಗುತ್ತದೆ. ನಮ್ಮಲ್ಲಿ ಒಂದನೇ ದರ್ಜೆ ಪಡೆದವನು ಜಾಣ, ಆರನೇ ದರ್ಜೆ ಪಡೆದವನು ದಡ್ಡ. ಜರ್ಮನ್, ಗಣಿತ, ಪರಿಸರ ಈ ಮೂರರ ಸರಾಸರಿ ಎರಡು ಪಾಯಿಂಟ್ ಮೂರು ಮೂರರೊಳಗಿದ್ದರೆ ಮಗು ಗಿಮ್ನಾಸಿಯಂ ಎಂಬ ದೊಡ್ಡ ಶಾಲೆಗೆ ಹೋಗಿ ಲ್ಯಾಟಿನ್ ಕಲಿಯಬಹುದು. ದಾಟಿದರೆ ಬೇರೆ ಶಾಲೆ, ಬೇರೆ ಬಾಳು. ಮಗುವನ್ನು ಕೇಳುವ ಪದ್ಧತಿ ಇಲ್ಲ.

ಆ ವರ್ಷದ ಜರ್ಮನ್ ಪರೀಕ್ಷೆಗೆ ಬಂದ ಕಥೆ ಹೀಗಿತ್ತು. ಒಬ್ಬ ಬಡ ಚಮ್ಮಾರ ಬೋನಿಗೆ ಬಿದ್ದ ನರಿಯನ್ನು ಬಿಡಿಸುತ್ತಾನೆ. 'ದಿನಾ ಸಂಜೆ ನಿನಗೊಂದು ಚಿನ್ನದ ಗುಂಡಿ ತಂದುಕೊಡುತ್ತೇನೆ' ಎಂದು ನರಿ ಮಾತು ಕೊಟ್ಟು ಹೋಗುತ್ತದೆ, ಬರುವುದೇ ಇಲ್ಲ. ಚಮ್ಮಾರ ಶಪಿಸುತ್ತಾನೆ. ಅವನ ಮಗಳು ಮಾತ್ರ ಚಳಿಗಾಲವಿಡೀ ಬಾಗಿಲನ್ನು ಒಂದು ಬೆರಳಷ್ಟು ತೆರೆದಿಡುತ್ತಾಳೆ. ಹಿಮ ಕರಗಿದ ಮೇಲೆ ನರಿ ಬರಿಗೈಯಲ್ಲಿ ಬಂದು ಒಲೆಯ ಪಕ್ಕ ಮಲಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಪ್ರಶ್ನೆ: 'ಈ ಕಥೆಯಿಂದ ನೀನು ತಿಳಿದುಕೊಂಡದ್ದೇನು?'

ನಮ್ಮ ಇಲಾಖೆಯ ಭಾಷೆಯಲ್ಲಿ ಮಾದರಿ ಉತ್ತರಕ್ಕೆ 'ನಿರೀಕ್ಷೆಯ ದಿಗಂತ' ಎಂಬ ಗಂಭೀರ ಹೆಸರಿದೆ. ದಿಗಂತದ ಆಚೆ ಯೋಚಿಸಿದವರಿಗೆ ಅಂಕವಿಲ್ಲ. ಲಕೋಟೆ ತೆರೆದೆ. 'ಅಪರಿಚಿತರಿಗೆ ಬಾಗಿಲು ತೆರೆಯಬಾರದು' ಎಂದಿತ್ತು. ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಮೊಹರು ಸರಿಯಾಗಿಯೇ ಇತ್ತು.

ತರಗತಿಯ ಇಪ್ಪತ್ಮೂರು ಮಕ್ಕಳಲ್ಲಿ ಇಪ್ಪತ್ತೆರಡು ಜನ ಅಕ್ಷರ ಬಿಡದೆ ಇದನ್ನೇ ಬರೆದಿದ್ದರು. ಕಾಪಿ ಹೊಡೆದಿರಲಿಲ್ಲ, ಪಾಪ. ಮನೆಪಾಠದವರು ಕಥೆಗಳಿಗೆ ಏಳು ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿರುತ್ತಾರೆ. ಕಥೆಯಲ್ಲಿ ರಾಜನಿದ್ದರೆ ಒಂದನೆಯದು, ಮೂವರು ಅಣ್ಣತಮ್ಮಂದಿರಿದ್ದರೆ ಐದನೆಯದು, ಬಾಗಿಲಿದ್ದರೆ ಮೂರನೆಯದು.

ಉಳಿದವಳು ಆಫ್ರಾ. ಅಪ್ಪ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ, ಮನೆಪಾಠಕ್ಕೆ ಕಳಿಸಿರಲಿಲ್ಲ. ಗಿಮ್ನಾಸಿಯಂನ ಗ್ರಂಥಾಲಯದಲ್ಲಿ ಏಣಿ ಹತ್ತಿ ಪುಸ್ತಕ ತೆಗೆಯಬೇಕಂತೆ ಎಂದು ಯಾರೋ ಹೇಳಿದ ದಿನದಿಂದ ಹುಡುಗಿಗೆ ಅದೇ ಧ್ಯಾನ. ಅವಳು ಬರೆದದ್ದು: 'ಅಪ್ಪನಿಗೆ ಗುಂಡಿ ಬೇಕಿತ್ತು. ಮಗಳಿಗೆ ನರಿ ಬೇಕಿತ್ತು. ನರಿಗೆ ಅದು ಗೊತ್ತಾಯಿತು.'

ಹತ್ತೊಂಬತ್ತು ವರ್ಷದಲ್ಲಿ ಇಂಥ ಉತ್ತರ ಕಂಡಿರಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಆ ಪ್ರಶ್ನೆಗೆ ಸೊನ್ನೆ ಹಾಕಿದೆ. ಅದರಿಂದ ಅವಳಿಗೆ ಜರ್ಮನ್‌ನಲ್ಲಿ ಮೂರನೇ ದರ್ಜೆ ಬಿತ್ತು, ಸರಾಸರಿ ಎರಡು ಪಾಯಿಂಟ್ ಆರು ಆರಕ್ಕೆ ಹೋಯಿತು. ಆ ರಾತ್ರಿ ನನಗೆ ನಾಚಿಕೆಯಾಯಿತು ಎಂಬುದನ್ನು ದಾಖಲೆಗಾಗಿ ಇಲ್ಲಿ ನಮೂದಿಸುತ್ತೇನೆ. ದಾಖಲಿಸಲು ಬೇರೆ ಕಾಲಂ ಸಿಗಲಿಲ್ಲ.

ಮಂಗಳವಾರ ಹತ್ತು ಇಪ್ಪತ್ತಕ್ಕೆ, ಅಂದರೆ ಭೇಟಿಗೆ ನಿಗದಿಯಾದ ಹೊತ್ತಿಗೆ ಸರಿಯಾಗಿ, ಆಫ್ರಾಳ ಅಜ್ಜಿ ವಾಲ್ಬುರ್ಗಾ ಬಂದು ಎದುರಿಗೆ ಕೂತರು.

"ಮೇಷ್ಟ್ರೇ, ನಮ್ ಹುಡ್ಗಿ ಬರ್ದಿದ್ರಲ್ಲಿ ತಪ್ಪೇನಿದೆ?"

"ತಪ್ಪೇನೂ ಇಲ್ಲಮ್ಮ."

"ಮತ್ತೆ ಸೊನ್ನೆ ಯಾಕೆ?"

"ಸರೀನೂ ಇಲ್ವಲ್ಲ."

"ನೀವಾದ್ರೂ ಕಥೆ ಓದಿದೀರಾ?"

"ಓದಿದೀನಿ. ಆದ್ರೆ ನಾನು ಓದಿದ್ದು ಲೆಕ್ಕಕ್ಕೆ ಬರಲ್ಲ."

"ಆಹಾ, ಏನ್ ಕೆಲ್ಸಾನಪ್ಪಾ ನಿಮ್ದು! ನಮ್ಮನೆ ಬೆಕ್ಕು ಇದಕ್ಕಿಂತ ಜಾಸ್ತಿ ದುಡಿಯುತ್ತೆ," ಎಂದು ಅಜ್ಜಿ ಆಕ್ಷೇಪಣೆ ಅರ್ಜಿಯನ್ನು ಮೇಜಿನ ಮೇಲೆ ಕುಕ್ಕಿದರು. ಮೂರು ಪ್ರತಿಗಳಿದ್ದವು. ಅವರು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು.

ವಿಚಾರಣೆ ಮೂರು ವಾರಗಳ ನಂತರ ಜಿಲ್ಲಾ ಕಚೇರಿಯಲ್ಲಿ ನಡೆಯಿತು. ಅಧ್ಯಕ್ಷತೆ ವಹಿಸಿದವರು ಶಿಕ್ಷಣಾಧಿಕಾರಿ ಡಾ. ಹಾಸ್ಲಿಂಗರ್. ಬೆಣ್ಣೆ ಸವರಿದ ಪ್ರೆಟ್ಸೆಲ್ ತಿನ್ನುತ್ತಾ ಎರಡೂ ಲಕೋಟೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದೇ ದಿನ, ಒಂದೇ ಮೇಜಿನ ಮೇಲೆ. ಬಹುಶಃ ಇಲಾಖೆಯ ಇತಿಹಾಸದಲ್ಲಿ ಅದೇ ಮೊದಲು. ಅವರ ಬಾಯಿ ಜಗಿಯುವುದನ್ನು ನಿಲ್ಲಿಸಿತು.

"ಇದು ಹೋದ ವರ್ಷದ ಕಥೆಯ ಅರ್ಥ ಕಣ್ರೀ," ಎಂದರು. "ಜೇನು ಸಾಕೋನ ಮನೆಗೆ ಕರಡಿ ನುಗ್ಗುತ್ತಲ್ಲ, ಅದ್ರದ್ದು."

"ಹಾಗಾದ್ರೆ ತಪ್ಪು ನಿಮ್ದೇ ಅಂತಾಯ್ತು," ಎಂದರು ಅಜ್ಜಿ.

"ಯಾಕಮ್ಮ ಅವಸರ? ಅರ್ಥಕ್ಕೆ ಮೊಹರು ಬಿದ್ದಿದೆ. ಮೊಹರು ಬಿದ್ದಿದ್ದು ತಪ್ಪಾಗೋಕೆ ಬರಲ್ಲ."

"ಮತ್ತೆ ಯಾವುದು ತಪ್ಪು?"

ಡಾ. ಹಾಸ್ಲಿಂಗರ್ ನಿಯಮಾವಳಿ ತಿರುವಿದರು. ಮೊಹರಾದ ಅರ್ಥವನ್ನು ಬದಲಿಸಲು ಸಚಿವಾಲಯದ ಆದೇಶ ಬೇಕು, ಹದಿನಾಲ್ಕು ತಿಂಗಳು ಹಿಡಿಯುತ್ತದೆ, ಇಪ್ಪತ್ತೆರಡು ಮಕ್ಕಳ ಪಾಲಕರು ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಕಥೆಯನ್ನು ಬದಲಿಸಲು ಒಂದು ಹಳದಿ ಫಾರಂ ಸಾಕು. ಜಾನಪದ ಕಥೆಗೆ ಕರ್ತೃ ಇರುವುದಿಲ್ಲ, ಆದ್ದರಿಂದ ತಕರಾರು ಮಾಡುವವರೂ ಇರುವುದಿಲ್ಲ.

"ಕಥೆ ತಪ್ಪು," ಎಂದು ಅವರು ತೀರ್ಪಿತ್ತರು.

ಆಫ್ರಾ ಮೂಲೆಯ ಕುರ್ಚಿಯಲ್ಲಿ ಕಾಲು ತೂಗಾಡಿಸುತ್ತಾ ಕೂತಿದ್ದಳು. ಅಲ್ಲೇ ಕಥೆಯ ಪರಿಷ್ಕರಣೆ ಶುರುವಾಯಿತು. ನರಿ ಮನೆಗೆ ನುಗ್ಗಿ ಹುಡುಗಿಯ ಕಾಲು ಕಚ್ಚಬೇಕೆಂದು ಡಾ. ಹಾಸ್ಲಿಂಗರ್ ಬರೆಸಿದರು. ಆರೋಗ್ಯ ಇಲಾಖೆಯ ಅಭಿಪ್ರಾಯ ಕೇಳಲಾಗಿ, ಕಚ್ಚಿಸಿಕೊಂಡ ಹುಡುಗಿಗೆ ಕಥೆ ಮುಗಿಯುವುದರೊಳಗೆ ಚುಚ್ಚುಮದ್ದು ಆಗಿರತಕ್ಕದ್ದೆಂದು ಫೋನಿನಲ್ಲೇ ಉತ್ತರ ಬಂತು. ಬಾಗಿಲಿಗೆ ಎರಡು ಚಿಲಕ ಹಾಕಿಸುವುದೆಂದೂ, ಚಮ್ಮಾರನು ಅದಕ್ಕೆ ರಶೀದಿ ಪಡೆಯುವುದೆಂದೂ ಸೇರಿಸಲಾಯಿತು.

"ನರಿ ಕಚ್ಚಲ್ಲ," ಎಂದಳು ಆಫ್ರಾ.

"ಯಾಕಮ್ಮ ಕಚ್ಚಲ್ಲ?"

"ಅದು ಮಲ್ಗೋಕೆ ಬಂದಿದ್ದು."

ನಾನು ಆಗ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ, ನಡಾವಳಿ ಬರೆದುಕೊಳ್ಳುವ ಹೊಣೆ ನನ್ನದಾಗಿತ್ತು. 'ವಿದ್ಯಾರ್ಥಿನಿಯ ಅನಿಸಿಕೆಯನ್ನು ಆಲಿಸಲಾಯಿತು' ಎಂದು ಬರೆದೆ.

ಕಥೆಯೇ ತಪ್ಪಿದ್ದರಿಂದ ಆಕ್ಷೇಪಣೆಯನ್ನು ಪುರಸ್ಕರಿಸಿ, ತಿದ್ದಿದ ಕಥೆಯ ಮೇಲೆ ಆಫ್ರಾಗೆ ಮರುಪರೀಕ್ಷೆ ಮಂಜೂರಾಯಿತು. ಅಜ್ಜಿ ಗೆದ್ದಿದ್ದರು. ಹೊರಗೆ ಬಂದವರೇ ಕಾರಿಡಾರಿನಲ್ಲಿ ಮೊಮ್ಮಗಳ ಕೋಟಿನ ಗುಂಡಿ ಹಾಕುತ್ತಾ ತಗ್ಗಿದ ದನಿಯಲ್ಲಿ ಹೇಳಿದರು.

"ಚಿನ್ನಾ, ಎಲ್ರೂ ಬರ್ದಿದ್ರಲ್ಲ, ಆ ಮೂರನೇದು ಬರ್ದ್‌ಬಿಡು."

"ಅಜ್ಜೀ, ನೀನೇ ಅಂದ್ಯಲ್ಲ, ನಂದು ಸರಿ ಅಂತ."

"ಸರಿನೇ ಕಣೇ. ಸರಿ ಇಟ್ಕೊಂಡು ಏಣಿ ಹತ್ತೋಕಾಗುತ್ತಾ? ಮೇಷ್ಟ್ರೇ, ನೀವೂ ಒಂದ್ ಮಾತು ಹೇಳ್ರಿ."

"ಅಜ್ಜಿ ಹೇಳ್ದಂಗೆ ಮಾಡಮ್ಮ," ಎಂದೆ. ಆಫ್ರಾ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆ ನೋಟಕ್ಕೆ ಉತ್ತರವಾಗಿ ನಾನು ಗಡಿಯಾರ ನೋಡಿದೆ.

ಮರುಪರೀಕ್ಷೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಖಾಲಿ ತರಗತಿಯಲ್ಲಿ ನಡೆಯಿತು. ಪರಿಷ್ಕೃತ ಕಥೆಯ ಎರಡು ಹಾಳೆಗಳನ್ನು ಬೋರಲಾಗಿ ಅವಳ ಮುಂದಿಟ್ಟು, ನಲವತ್ತೈದು ನಿಮಿಷವಿದೆ, ನಿಧಾನವಾಗಿ ಓದು ಎಂದೆ. ಅವಳು ಹಾಳೆಯನ್ನು ತಿರುಗಿಸಲಿಲ್ಲ.

"ಬಾಗಿಲಿದೆಯಾ ಮೇಷ್ಟ್ರೇ?"

"ಇದೆ."

ಒಂದು ಸಾಲು ಬರೆದು, ಪೆನ್ನಿನ ಮುಚ್ಚಳ ಹಾಕಿ, ಎದ್ದು ಹೋದಳು. ಎಂಟು ಗಂಟೆ ಎರಡು ನಿಮಿಷವಾಗಿತ್ತು.

ಪೂರ್ಣ ಅಂಕ ಬಂತು. ಜರ್ಮನ್ ಎರಡಕ್ಕೆ ಏರಿತು, ಸರಾಸರಿ ಕರಾರುವಾಕ್ಕಾಗಿ ಎರಡು ಪಾಯಿಂಟ್ ಮೂರು ಮೂರಕ್ಕೆ ಇಳಿಯಿತು. ಡಾ. ಹಾಸ್ಲಿಂಗರ್ ಅಭಿನಂದನಾ ಪತ್ರ ಕಳಿಸಿದರು. ಅಜ್ಜಿ ಸಿಬ್ಬಂದಿ ಕೋಣೆಗೆ ಪ್ಲಮ್ ಕೇಕ್ ತಂದುಕೊಟ್ಟರು. ಚೆನ್ನಾಗಿತ್ತು, ನಾನು ಎರಡು ತುಂಡು ತಿಂದೆ. ಪ್ರಗತಿಪತ್ರದಲ್ಲಿ ಸಾಹಿತ್ಯ ಗ್ರಹಿಕೆಯ ಬಗ್ಗೆ ತರಗತಿ ಶಿಕ್ಷಕರು ಒಂದು ವಾಕ್ಯ ಬರೆಯುವುದು ಕಡ್ಡಾಯ. ನಾನು ಬರೆದೆ: 'ಆಫ್ರಾ ಗಮನಾರ್ಹ ಪ್ರಗತಿ ಸಾಧಿಸಿದ್ದಾಳೆ. ಈಗ ಯಾವ ಕಥೆ ಕೊಟ್ಟರೂ ಓದದೆಯೇ ಅರ್ಥ ಹೇಳುತ್ತಾಳೆ.'

ಅಜ್ಜಿ ಅದನ್ನು ಎರಡು ಸಲ ಜೋರಾಗಿ ಓದಿ, ಹೆಮ್ಮೆಯಿಂದ ಪಾಲಕರ ಸಹಿ ಮಾಡಿದರು.